ನೆಗಡಿ ಬಂತು ಅಂತ ಮೂಗು ಕೊಯ್ಯುವ ಕಂಪ್ಯೂಟರ್ ವೈದ್ಯರಿಗೊಂದು ದೊಡ್ಡ ನಮಸ್ಕಾರ

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನ ಆಗಿತ್ತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಈ ಸಲ ಹೊಟ್ಟೆ ಉರಿದುಕೊಂಡು ಬರೀತಿದ್ದೀನಿ. ಕವಿತೆಯನ್ನೋ ಸಿನಿಮಾ ವಿಮರ್ಶೆಯನ್ನೋ ನಿರೀಕ್ಷಿಸಿ ಬಂದವರು ಕ್ಷಮಿಸಬೇಕು. ಇವತ್ತಿನ ವಿಷಯ ಹಾರ್ಡ್ ಡಿಸ್ಕ್. ಓಡಿ ಹೋಗ್ಬೇಡಿ ಸ್ವಾಮಿ... ಇದು ಕನ್ನಡದ ವಿಷಯವೇ. ಕೊನೇವರೆಗೂ ಓದಿ, ಆಮೇಲೆ ಬೇಕಾದ್ರೆ ಬೈಯಿರಿ.

2025ರ ದೀಪಾವಳಿಗೆ ಊರಿಗೆ ಹೊರಡೋ ಎರಡು ದಿನ ಮುಂಚೆ ಮಾವನ ಮಗ ಫೋನ್ ಮಾಡಿದ. ನಮ್ಮ ಸೋದರಮಾವನ ಊರು ಗುಂಡ್ಲುಪೇಟೆ ತಾಲ್ಲೂಕು, ತೆರಕಣಾಂಬಿ ಹತ್ತಿರದ ಒಂದು ಹಳ್ಳಿ. ಹುಡುಗ ಚಾಮರಾಜನಗರದ ಒಂದು ಕಂಪ್ಯೂಟರ್ ಅಂಗಡಿಯಿಂದ ಮಾತಾಡ್ತಿದ್ದ.

"ಬಾವ, ಅಪ್ಪನ ಕಂಪ್ಯೂಟ್ರು ಆನ್ ಆಯ್ತಿಲ್ಲ. ಹಾರ್ಡ್ ಡಿಸ್ಕ್ ಹೋಗದ ಅಂತಾವ್ರೆ. ಫಾರ್ಮ್ಯಾಟ್ ಮಾಡಿ ನೋಡ್ತೀನಿ, ಗ್ಯಾರಂಟಿ ಇಲ್ಲ, ಇಲ್ದಿದ್ರೆ ಹೊಸದು ತಗೊಳ್ಳಿ, ಮೂವತ್ತೆಂಟು ಸಾವ್ರ ಆಯ್ತದ ಅಂತಾವ್ರೆ. ಏನ್ ಮಾಡ್ಲಿ?"

ಹಿಂದಿನಿಂದ ಅಂಗಡಿಯವರ ದನಿ ಬೇರೆ ಕೇಳಿಸ್ತಿತ್ತು: "ವಿಂಡೋಸ್ 10 ಕೂಡ ಮುಗೀತು ಸಾರ್, ಇದೇನಿಟ್ಕೊಂಡು ಕೂತಿದ್ದೀರಾ, ಗುಜರಿಗೆ ಹಾಕಿ!"

ಕಂಪ್ಯೂಟರನ್ನ ಹಾಗೇ ಎತ್ತಿಕೊಂಡು ಮನೆಗೆ ಬಾ, ಯಾರಿಗೂ ಸ್ಕ್ರೂ ಬಿಚ್ಚೋಕೂ ಬಿಡಬೇಡ ಅಂದೆ. ನನ್ನ ದನಿ ಸ್ವಲ್ಪ ಜೋರಾಗೇ ಇತ್ತು. ಯಾಕೆ ಅಂತ ಹೇಳ್ತೀನಿ.

ನಮ್ಮ ಮಾವ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದವರು. ನಾಟಿ ಹಾಡು, ರಾಗಿ ಬೀಸೋ ಪದ, ಸೋಬಾನೆ ಅಂತ ಸುತ್ತಮುತ್ತಲ ಹಳ್ಳಿ ಹೆಂಗಸರ ಬಾಯಿಂದ ಹಾಡು ಕೇಳಿ ಬರೆದುಕೊಳ್ಳೋದು ಅವರ ಹುಚ್ಚು. ಇದಕ್ಕೆ ಯಾವ ಯೂನಿವರ್ಸಿಟಿ ದುಡ್ಡೂ ಇಲ್ಲ, ಯಾವ ಅಕಾಡೆಮಿ ಹಾರವೂ ಇಲ್ಲ. 2007ರಲ್ಲಿ ಮೈಸೂರಿನಿಂದ ಒಂದು ಅಸೆಂಬಲ್ಡ್ ಕಂಪ್ಯೂಟರ್ ತಂದು, 'ನುಡಿ' ಕಲಿತು, ಎರಡು ಬೆರಳಲ್ಲಿ ಟೈಪ್ ಮಾಡೋಕೆ ಶುರು ಮಾಡಿದ್ರು. ಆರು ವರ್ಷದಲ್ಲಿ ನೂರಾ ನಲವತ್ತು ಹಾಡು. ಟೈಪ್ ಆದ ನೋಟ್‌ಬುಕ್ಕುಗಳನ್ನ 'ಕಂಪ್ಯೂಟ್ರಿಗೆ ಹಾಕಾಯ್ತಲ್ಲ' ಅಂತ ಅಟ್ಟಕ್ಕೆ ಎಸೆದ್ರು. ಅಟ್ಟದಲ್ಲಿದ್ದಿದ್ದನ್ನ ಗೆದ್ದಲು ತಿಂತು.

2013ರಲ್ಲಿ ಕಂಪ್ಯೂಟರ್ ನಿಧಾನ ಆಯ್ತು. ಅಂಗಡಿಗೆ ಹೋಯ್ತು. ಅಂಗಡಿಯವರು (ಅದು ಬೇರೆ ಅಂಗಡಿ, ಹೆಸರು ಬೇಡ ಬಿಡಿ) ಒಂದೆರಡು ಫೈಲ್ ತೆಗೆದು ನೋಡಿದ್ರು. ಒಳಗೆ ಪೌಂಡಿನ ಗುರುತು, ತಲೆ ಮೇಲೆ ಕೊಂಬು ಬಂದ ಇಂಗ್ಲಿಷ್ ಅಕ್ಷರ, ಅರ್ಥವಿಲ್ಲದ ಕಲಸುಮೇಲೋಗರ. "ಫೈಲೆಲ್ಲ ವೈರಸ್ ತಿಂದಾಕಿದೆ ಸಾರ್" ಅಂದ್ರು. ಫಾರ್ಮ್ಯಾಟ್ ಮಾಡಿದ್ರು. ಮುನ್ನೂರು ರೂಪಾಯಿ ತಗೊಂಡ್ರು.

ಈ ಬ್ಲಾಗ್ ಓದೋ ನಿಮಗೆ ಅಲ್ಲಿ ಏನಾಗಿತ್ತು ಅಂತ ಈಗಾಗಲೇ ಹೊಳೆದಿರುತ್ತೆ. ಯಾವ ವೈರಸ್ಸೂ ಏನನ್ನೂ ತಿಂದಿರಲಿಲ್ಲ. ಹಳೇ ನುಡಿ, ಹಳೇ ಬರಹದಲ್ಲಿ ಆಸ್ಕಿ ಫಾಂಟಿನಲ್ಲಿ ಬರೆದ ಕನ್ನಡ ನಿಜದಲ್ಲಿ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಮುಖವಾಡ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮುಖವಾಡ ಕಳಚಿ ಬೀಳುತ್ತೆ. ಅಂಗಡಿಯವರ ಕಂಪ್ಯೂಟರಿನಲ್ಲಿ ನುಡಿ ಫಾಂಟ್ ಇರಲಿಲ್ಲ, ಅಷ್ಟೇ ಕಥೆ. ಒಂದು ಫಾಂಟ್ ಹಾಕಿದ್ದಿದ್ರೆ ನೂರಾ ನಲವತ್ತು ಹಾಡೂ ಎದ್ದು ಕೂರುತ್ತಿದ್ದವು. ಆ ಹಾಡು ಹೇಳಿದ ಅಜ್ಜಿಯರಲ್ಲಿ ಅರ್ಧಕ್ಕರ್ಧ ಜನ ಅಷ್ಟರಲ್ಲಿ ತೀರಿಕೊಂಡಿದ್ರು. ಮಾವ ಯಾರನ್ನೂ ಬೈಲಿಲ್ಲ. ಮತ್ತೆ ಮೊದಲಿಂದ ಊರೂರು ತಿರುಗೋಕೆ ಶುರು ಮಾಡಿದ್ರು.

ಈಗ ಗೊತ್ತಾಯ್ತಲ್ಲ, ಫೋನಲ್ಲಿ ನಾನು ಯಾಕೆ ಕೂಗಾಡಿದೆ ಅಂತ?

---

ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆಯಲ್ಲಿಳಿದು ಊರು ಸೇರೋ ಹೊತ್ತಿಗೆ ಸಂಜೆ. ಮಾವ ಜಗಲಿ ಮೇಲೆ ಕೂತಿದ್ರು. ಕಾಫಿ ಬಂತು. ಕುಡಿಯೋಕೆ ಮುಂಚೆ ಒಂದೇ ಮಾತು ಹೇಳಿದ್ರು: "ಮಿಷನ್ನು ಹೋದ್ರೆ ಹೋಗ್ಲಿ ಕನಪ್ಪ. ಅದ್ರೊಳಗ ನನ್ ಹನ್ನೆರಡು ವರ್ಸ ಅದ."

ಕಂಪ್ಯೂಟರ್ ಆನ್ ಮಾಡಿದೆ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಬಂತು. ಇಂಗ್ಲಿಷಿನಲ್ಲಿತ್ತು. ಅದನ್ನ ಕನ್ನಡದಲ್ಲಿ ಹೇಳೋದಾದ್ರೆ: ಮತ್ತೆ ಶುರು ಮಾಡಿ, ಸರಿಯಾದ ಬೂಟ್ ಡಿವೈಸನ್ನು ಆರಿಸಿಕೊಳ್ಳಿ.

ಸ್ವಲ್ಪ ಗಮನಿಸಿ. ಹಾರ್ಡ್ ಡಿಸ್ಕ್ ಸತ್ತಿದೆ ಅಂತಾಗಲೀ ಫಾರ್ಮ್ಯಾಟ್ ಮಾಡಿ ಅಂತಾಗಲೀ ಮೂವತ್ತೆಂಟು ಸಾವಿರ ತೆಗೀರಿ ಅಂತಾಗಲೀ ಕಂಪ್ಯೂಟರ್ ಹೇಳ್ತಿಲ್ಲ. 'ನೀವು ತೋರಿಸಿದ ಡಿಸ್ಕಿನಲ್ಲಿ ನನಗೆ ಶುರು ಆಗೋಕೆ ಬೇಕಾದ್ದು ಸಿಗಲಿಲ್ಲ, ಸರಿಯಾದ್ದನ್ನ ತೋರಿಸಿ' ಅಂತ ಅದು ದೈನ್ಯದಿಂದ ಕೇಳ್ತಿದೆ. ಅಂಗಡಿಯಲ್ಲಿ ಈ ಸಾಲನ್ನ ಯಾರೂ ಓದಲೇ ಇಲ್ಲ. ಓದಿದ್ದರೆ ಕೆಲಸ ಐದು ನಿಮಿಷದ್ದು.

ಪರದೆಯ ಮೇಲಿದ್ದ ದಿನಾಂಕ ಇನ್ನೊಂದು ಸುಳಿವು ಕೊಡ್ತು. ಕಂಪ್ಯೂಟರಿನ ಪ್ರಕಾರ ಅವತ್ತು 2007ನೇ ಇಸವಿ ಜನವರಿ 1! ಹೀಗೆ ಗಡಿಯಾರ ಹಿಂದಕ್ಕೆ ಓಡಿದ್ರೆ ಮದರ್‌ಬೋರ್ಡಿನ ಮೇಲಿರೋ ಬಟನ್ ಸೆಲ್ಲು, ಅಂದ್ರೆ ಸಿಆರ್2032 ಅನ್ನೋ ನಾಣ್ಯದಂಥ ಬ್ಯಾಟರಿ, ಮುಗಿದಿದೆ ಅಂತ ಅರ್ಥ. ಹಳ್ಳಿಗಳಲ್ಲಿ ಕೆಲಸ ಆದ ಮೇಲೆ ಮೈನ್ ಸ್ವಿಚ್ಚನ್ನೇ ಆರಿಸ್ತೀವಲ್ಲ, ಆಗ ಬಯೋಸಿನ ನೆನಪನ್ನ ಕಾಯೋದು ಈ ಸೆಲ್ಲು. ಅದು ಸತ್ತಾಗ ತಾರೀಖಿನ ಜೊತೆಗೆ ಇನ್ನೊಂದೂ ಮರೆತು ಹೋಗುತ್ತೆ: ಯಾವ ಡಿಸ್ಕಿನಿಂದ ಮೊದಲು ಶುರು ಆಗಬೇಕು ಅನ್ನೋ ಪಟ್ಟಿ.

ಮಾವನ ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇತ್ತು. 2007ರ ಹಳೇ 80 ಜಿಬಿ ಐಡಿಇ ಡಿಸ್ಕು. 2014ರಲ್ಲಿ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಎಳ್ಳುನೀರು ಬಿಟ್ಟಾಗ ಹಾಕಿಸಿದ 500 ಜಿಬಿ ಸಾಟಾ ಡಿಸ್ಕು. ವಿಂಡೋಸ್ 7 ಹೊಸದರಲ್ಲಿ, ಹಾಡುಗಳೂ ಹೊಸದರಲ್ಲಿ. ಹಾಗಿದ್ರೆ ಹಳೇದರಲ್ಲಿ ಏನಿತ್ತು? ಹುಡುಗನ ಸಿನಿಮಾಗಳು. ಮತ್ತೆ, ಯಾರಿಗೂ ಗೊತ್ತಿಲ್ಲದ ಹಾಗೆ, ಕಂಪ್ಯೂಟರಿನ ಬೀಗದ ಕೈ!

ವಿಂಡೋಸ್ ಇನ್‌ಸ್ಟಾಲ್ ಮಾಡುವಾಗ ಇನ್ನೊಂದು ಡಿಸ್ಕು ಒಳಗಿದ್ದರೆ ಆಗೋ ಎಡವಟ್ಟು ಇದು. ಮನೆಯನ್ನ ನೀವು ಹೇಳಿದ ಡಿಸ್ಕಿನಲ್ಲೇ ಕಟ್ಟುತ್ತೆ, ಬಾಗಿಲನ್ನ ಮಾತ್ರ ಬಯೋಸಿನ ಪಟ್ಟಿಯಲ್ಲಿ ಮೊದಲಿರೋ ಡಿಸ್ಕಿನಲ್ಲಿ ಇಡುತ್ತೆ. ಎರಡೂ ಡಿಸ್ಕು ಇರೋವರೆಗೆ ಏನೂ ಗೊತ್ತಾಗಲ್ಲ. ಪಟ್ಟಿ ತಿರುಗಾಮುರುಗಾ ಆದ ದಿನ, ಇಲ್ಲಾ ಹಳೇ ಡಿಸ್ಕು ಕಿತ್ತ ದಿನ, ಕಂಪ್ಯೂಟರ್ ಬಾಗಿಲಿಲ್ಲದ ಮನೆ ಮುಂದೆ ನಿಂತು ಬಡಕೊಳ್ಳುತ್ತೆ.

ಆ ಬಾಗಿಲು ಎಷ್ಟು ದೊಡ್ಡದು ಗೊತ್ತಾ? ಹಳೇ ಪದ್ಧತಿಯ ಡಿಸ್ಕಿನ ಮೊಟ್ಟಮೊದಲ ಸೆಕ್ಟರ್ 512 ಬೈಟು. ಅದರಲ್ಲಿ 64 ಬೈಟು ಪಾರ್ಟಿಶನ್ ಪಟ್ಟಿಗೆ, 2 ಬೈಟು ಸಹಿಗೆ. ಉಳಿದ 446 ಬೈಟಿನಲ್ಲಿ ಕಂಪ್ಯೂಟರನ್ನ ಎಬ್ಬಿಸೋ ಮೊದಲ ಮಂತ್ರ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು. ಅಂದ್ರೆ ಆ ಮಂತ್ರದ ಜಾಗದಲ್ಲಿ ನಾವು ನೂರಾ ನಲವತ್ತೆಂಟು ಸಂಕೇತ ಬರೀಬಹುದು, ಒತ್ತು ಕೊಂಬು ಎಲ್ಲ ಲೆಕ್ಕ ಹಿಡಿದು. ಈ ಪೋಸ್ಟಿನ ಎರಡು ಮೂರು ಸಾಲು! ಅಷ್ಟು ಪುಟಾಣಿ ವಸ್ತು ಸಿಗಲಿಲ್ಲ ಅಂತ ಹನ್ನೆರಡು ವರ್ಷದ ಬದುಕನ್ನ ಅಳಿಸಿ ಹಾಕೋಕೆ ಹೊರಟಿದ್ರಲ್ಲ, ಇದಕ್ಕೇನು ಹೇಳಬೇಕು? ನೆಗಡಿ ಬಂತು ಅಂತ ಮೂಗು ಕೊಯ್ಯೋದು ಅಂದ್ರೆ ಇದೇ.

---

ನಾನು ಮಾಡಿದ್ದನ್ನ ಹೇಳಿಬಿಡ್ತೀನಿ. ದೊಡ್ಡ ವಿದ್ಯೆ ಏನಲ್ಲ, ನಿಮ್ಮ ಮನೆಯಲ್ಲೂ ಬೇಕಾಗಬಹುದು.

1. ಮೊದಲು ಹೊಸ ಸೆಲ್ಲು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹತ್ತಿರ ವಾಚ್ ರಿಪೇರಿಯವರ ಹತ್ರ ಸಿಕ್ತು, ನಲವತ್ತು ರೂಪಾಯಿ.

2. ಆನ್ ಮಾಡಿದ ಕೂಡಲೇ ಡಿಲೀಟ್ ಕೀ ಒತ್ತಿ ಬಯೋಸಿಗೆ ಹೋದೆ. ಮಾವನ ಮಗ ತಾನೂ ಇಲ್ಲಿಗೆ ಬಂದು ನೋಡಿದ್ದನಂತೆ. "ಬಾವ, ಫಸ್ಟ್ ಬೂಟ್ ಡಿವೈಸ್ ಹಾರ್ಡ್ ಡಿಸ್ಕ್ ಅಂತಾನೇ ಅದ" ಅಂದ. ಹೌದು, ಹುಡುಗ ಸರಿಯಾದ ಬಾಗಿಲಿಗೇ ಬಂದಿದ್ದ, ಒಳಗೆ ಕಾಲಿಡಲಿಲ್ಲ. ಹಳೇ ಬಯೋಸುಗಳಲ್ಲಿ ಈ ಪಟ್ಟಿ ಜಾತಿಯನ್ನ ಮಾತ್ರ ಹೇಳುತ್ತೆ: ಹಾರ್ಡ್ ಡಿಸ್ಕೋ, ಸಿಡಿಯೋ, ಫ್ಲಾಪಿಯೋ. ಹಾರ್ಡ್ ಡಿಸ್ಕುಗಳಲ್ಲಿ ಯಾವುದು ಮೊದಲು ಅನ್ನೋದಕ್ಕೆ 'ಹಾರ್ಡ್ ಡಿಸ್ಕ್ ಬೂಟ್ ಪ್ರಯಾರಿಟಿ' ಅಂತ ಬೇರೆ ಪುಟವೇ ಇರುತ್ತೆ. ಅಲ್ಲಿ 500 ಜಿಬಿ ಮೇಲೆ ಕೂತಿತ್ತು. 80 ಜಿಬಿಯನ್ನ ಮೇಲಕ್ಕೆ ತಂದೆ. ಎಫ್10 ಒತ್ತಿ ಉಳಿಸಿ ಹೊರಬಂದೆ. ವಿಂಡೋಸ್ ಬಂತು. ಹಾಡೂ ಬಂತು.

ಮಾವ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ಕಳಿಸಿದ್ರು. :)

3. ಆದ್ರೆ ಹದಿನೆಂಟು ವರ್ಷದ ಡಿಸ್ಕಿನ ಮೇಲೆ ಭಾರ ಹಾಕಿ ಬರೋಕೆ ಆಗುತ್ತಾ? ಜೊತೆಗೆ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿತ್ತು. ಸಾವಿರದ ಎಂಟುನೂರು ರೂಪಾಯಿಗೆ ಒಂದು ಚಿಕ್ಕ ಎಸ್‌ಎಸ್‌ಡಿ ತಂದಿದ್ದೆ. ಹಳೇ ಎರಡೂ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಟ್ಟು, ಎಸ್‌ಎಸ್‌ಡಿ ಒಂದನ್ನೇ ಸಿಕ್ಕಿಸಿ, ಪೆನ್ ಡ್ರೈವಿನಿಂದ ಲಿನಕ್ಸ್ ಮಿಂಟ್ ಹಾಕಿದೆ. ಕೇಬಲ್ ಕೀಳೋದು ಯಾಕೆ ಅಂತ ಈಗ ನಿಮಗೇ ಗೊತ್ತು. ಮನೆ ಎಲ್ಲೋ ಬಾಗಿಲು ಎಲ್ಲೋ ಆಗಬಾರದು. ಒಂದು ಕಿವಿಮಾತು: ಹಳೇ ಬಯೋಸಿಗೆ ಪೆನ್ ಡ್ರೈವೂ ಹಾರ್ಡ್ ಡಿಸ್ಕಿನ ಹಾಗೇ ಕಾಣುತ್ತೆ. ಪಟ್ಟಿಯಲ್ಲಿ ಕಾಣಿಸ್ತಿಲ್ಲ ಅಂತ ಗಾಬರಿ ಬೀಳೋ ಮುಂಚೆ ಆ ಒಳಪುಟದಲ್ಲಿ ಹುಡುಕಿ.

4. ಆಮೇಲೆ ಹಳೇ ಡಿಸ್ಕುಗಳನ್ನ ವಾಪಸ್ ಸಿಕ್ಕಿಸಿ, ಎಸ್‌ಎಸ್‌ಡಿಯನ್ನ ಪಟ್ಟಿಯ ತಲೆಗೆ ಏರಿಸಿದೆ. ಯಾವತ್ತಾದ್ರೂ ವಿಂಡೋಸ್ ಬೇಕಾದ್ರೆ ಪಟ್ಟಿ ಮುಟ್ಟೋದೇ ಬೇಡ. ಆನ್ ಮಾಡಿದಾಗ ಬೂಟ್ ಮೆನು ಕೀ ಒತ್ತಿದ್ರೆ ಆ ಒಂದು ಸಲಕ್ಕೆ ಯಾವ ಡಿಸ್ಕು ಅಂತ ಕೇಳುತ್ತೆ. ಡೆಲ್, ಲೆನೊವೊ, ಗಿಗಾಬೈಟ್‌ಗಳಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಫ್9. ಎಂಎಸ್‌ಐಯಲ್ಲಿ ಎಫ್11. ಅಸೂಸ್ ಮದರ್‌ಬೋರ್ಡಿನಲ್ಲಿ ಎಫ್8.

5. ಹಾಡಿನ ಫೈಲುಗಳನ್ನೆಲ್ಲ ಎಸ್‌ಎಸ್‌ಡಿಗೂ ಪೆನ್ ಡ್ರೈವಿಗೂ ನಕಲು ಮಾಡಿ, ನುಡಿ ಫಾಂಟ್ ಹಾಕಿ, ಒಂದೊಂದಾಗಿ ಯೂನಿಕೋಡಿಗೆ ಬದಲಾಯಿಸಿದೆ. ಅರವಿಂದ ವಿ.ಕೆ. ಅವರು ಮಾಡಿರೋ ಆಸ್ಕಿಯಿಂದ ಯೂನಿಕೋಡಿಗೆ ಬದಲಾಯಿಸೋ ಸಾಧನ ಬಹಳ ಕೆಲಸಕ್ಕೆ ಬಂತು. ಅಲ್ಲೊಂದು ಇಲ್ಲೊಂದು ಅರ್ಕಾವತ್ತು ತಪ್ಪಿದ್ದನ್ನ ಮಾವನೇ ತಿದ್ದಿದ್ರು.

'ಮೇಷ್ಟ್ರಿಗೆ ಈ ವಯಸ್ಸಲ್ಲಿ ಲಿನಕ್ಸಾ?' ಅಂತ ಕೇಳ್ತೀರಿ. ಅವರಿಗೆ ಬೇಕಾಗಿದ್ದು ನುಡಿಯ ಕೀಲಿಮಣೆ. ಕೆ.ಪಿ. ರಾವ್ ವಿನ್ಯಾಸವನ್ನ ಆಧರಿಸಿದ ಆ ಕೀಲಿಮಣೆ ಲಿನಕ್ಸಿನಲ್ಲೂ 'ಕೆಜಿಪಿ' ಅನ್ನೋ ಹೆಸರಲ್ಲಿ ಇದೆ. ಅದೇ ಬೆರಳು, ಅದೇ ಕೀ, ಬರೋದು ಮಾತ್ರ ಯೂನಿಕೋಡ್. ಸುಳ್ಳು ಹೇಳಲ್ಲ, 2 ಜಿಬಿ ರ್‍ಯಾಮಿನ ಆ ಕಂಪ್ಯೂಟರಿನಲ್ಲಿ ಯೂಟ್ಯೂಬ್ ತೆರೆದ್ರೆ ಎತ್ತಿನಗಾಡಿ. ಆದ್ರೆ ಅವರಿಗೆ ಯೂಟ್ಯೂಬ್ ಬೇಡ, ಟೈಪ್ ಮಾಡಬೇಕು.

ಒಟ್ಟು ಖರ್ಚು 1,840 ರೂಪಾಯಿ. ಅಂಗಡಿಯವರು ಕೇಳಿದ್ದು 38,000.

---

ಇನ್ನು ಜಗಳಕ್ಕೆ ಬರ್ತೀನಿ.

ಅಂಗಡಿಯವರನ್ನ ಬೈದು ಸುಮ್ಮನಾಗಬಹುದಿತ್ತು. ಸುಲಭ. ಆದ್ರೆ ಅವರ ಜಾಗದಲ್ಲಿ ನಿಂತು ನೋಡಿ. ಫಾರ್ಮ್ಯಾಟ್ ಮಾಡಿದ್ರೆ ಮುನ್ನೂರೋ ಐನೂರೋ ಸಿಗುತ್ತೆ, ಅದು ಮಾಡ್ಕೊಳ್ತಾ ಇರೋವಾಗ ಇನ್ನು ನಾಲ್ಕು ಗಿರಾಕಿಗಳನ್ನ ಕಳಿಸಬಹುದು. ಒಂದು ಗಂಟೆ ಕೂತು 'ರೋಗ ಏನು' ಅಂತ ಹುಡುಕಿ, ಸೆಲ್ಲು ಬದಲಾಯಿಸಿ ನಲವತ್ತು ರೂಪಾಯಿ ಕೇಳಿದ್ರೆ ಅಂಗಡಿ ಬಾಡಿಗೆ ಕಟ್ಟೋರು ಯಾರು? 'ಏನೂ ಮಾಡ್ಲೇ ಇಲ್ವಲ್ಲಪ್ಪ, ಬರೀ ಎರಡು ಬಟನ್ ಒತ್ತಿದೆ, ಅದಕ್ಕೆ ಇನ್ನೂರು ಯಾಕೆ' ಅನ್ನೋರು ನಾವೇ. ಬುದ್ಧಿಗೆ ದುಡ್ಡು ಕೊಡೋಕೆ ನಮಗೆ ಮನಸ್ಸಿಲ್ಲ, ಸಾಮಾನಿಗೆ ಕೊಡ್ತೀವಿ. ಅದಕ್ಕೇ ಅವರು ಸಾಮಾನು ಮಾರ್ತಾರೆ.

ಅವರ ಮೇಲೆ ನನಗಿರೋ ಸಿಟ್ಟು ಒಂದೇ. ಫಾರ್ಮ್ಯಾಟ್ ಮಾಡೋ ಮುಂಚೆ 'ಇದರಲ್ಲಿ ಏನಿದೆ, ಬೇಕಾ' ಅಂತ ಕೇಳದೇ ಇರೋದು. ಮನೆ ಕೆಡವೋನು ಒಳಗೆ ಯಾರಾದ್ರೂ ಇದಾರಾ ಅಂತ ಒಂದು ಸಲ ಕೂಗಬೇಕೋ ಬೇಡವೋ? ಆ ಒಂದು ಪ್ರಶ್ನೆಗೆ ಸಮಯವೂ ಬೇಡ, ಇಂಗ್ಲಿಷೂ ಬೇಡ.

ಎರಡನೇ ಸಿಟ್ಟು 'ಹಳೇದು, ಗುಜರಿಗೆ ಹಾಕಿ' ಅನ್ನೋ ಮಂತ್ರದ ಮೇಲೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಅಂತ ಹೇಳಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಅಂದ್ರೆ 2016ರಲ್ಲಿ ಕೊಂಡ, ಚೆನ್ನಾಗಿ ಓಡ್ತಿರೋ ಕಂಪ್ಯೂಟರೂ ಅವರ ಲೆಕ್ಕದಲ್ಲಿ ಅನರ್ಹ. ಕಂಪನಿಗೆ ಅದರದೇ ಕಾರಣ ಇರಬಹುದು, ಭದ್ರತೆ ಅಂತಾರೆ, ಇರಲಿ. ಆದ್ರೆ 'ಈ ಸಾಫ್ಟ್‌ವೇರ್ ಇದರಲ್ಲಿ ಓಡಲ್ಲ' ಅನ್ನೋದು 'ಈ ಕಂಪ್ಯೂಟರ್ ಸತ್ತಿದೆ' ಅಂತ ಆಗಿದ್ದು ಯಾವಾಗ? ಬಸ್ಸು ನಮ್ಮೂರಿಗೆ ಬರಲ್ಲ ಅಂದ್ರೆ ಕಾಲು ಮುರೀತು ಅಂತ ಅರ್ಥವಾ? ಇನ್ನೊಂದು ಡಿಸ್ಕು ಹಾಕಿ, ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಿ, ಅದರಿಂದ ಬೂಟ್ ಮಾಡಿ. ಹಳೇದು ಹಾಗೇ ಇರಲಿ, ಅದನ್ನ ಮುಟ್ಟೋದೇ ಬೇಡ.

ನಮ್ಮ ಗುಂಡ್ಲುಪೇಟೆಯಿಂದ ಬಂಡೀಪುರ, ಮೂಲೆಹೊಳೆ ದಾಟಿದ್ರೆ ಆ ಕಡೆ ಸುಲ್ತಾನ್ ಬತ್ತೇರಿ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯೋದೇ ಲಿನಕ್ಸಿನಲ್ಲಿ. ಐಟಿ@ಸ್ಕೂಲ್ ಅಂತ ಶುರುವಾಗಿ ಆಮೇಲೆ ಕೈಟ್ ಅಂತಾದ ಸಂಸ್ಥೆ ತನ್ನದೇ ಲಿನಕ್ಸನ್ನ ಮಲಯಾಳಂ ಸಮೇತ ಸಿದ್ಧ ಮಾಡಿ ಕೊಡುತ್ತೆ. 2009ರಿಂದ ಈ ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಗೇಟು ಬಂದ್, ಸರಿ, ಆನೆ ಹುಲಿ ಜಿಂಕೆ ಬದುಕಬೇಕು. ಹಗಲಲ್ಲಿ ಗೇಟು ತೆಗೆದೇ ಇರುತ್ತಲ್ಲ? ನಮ್ಮ ಟೊಮೆಟೊ, ಕೋಸು, ಚೆಂಡುಹೂವು ಎಲ್ಲ ಆ ಕಡೆ ಹೋಗುತ್ತೆ. ಇದೊಂದು ಈ ಕಡೆ ಬರೋಕೆ ಯಾವ ಆನೆ ಅಡ್ಡ ಬಂತು? ಕರ್ನಾಟಕದಲ್ಲಿ ಏನೂ ಆಗಲೇ ಇಲ್ಲ ಅಂತ ಹೇಳಿದ್ರೆ ತಪ್ಪಾಗುತ್ತೆ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ನಮ್ಮ ಹೈಸ್ಕೂಲ್ ಮೇಷ್ಟ್ರುಗಳೂ ಉಬುಂಟು ಕಲಿತರು. ಕಲಿತವರು ಇದ್ದಾರೆ. ಅಂಗಡಿ ತನಕ, ಹಳ್ಳಿ ಮನೆ ತನಕ ಅದು ಇಳಿದು ಬರಲಿಲ್ಲ.

ಯಾಕೆ ಇಳಿದು ಬರಲಿಲ್ಲ? ಇಲ್ಲಿಗೆ ಬಂತು ನೋಡಿ ನನ್ನ ಮೂರನೇ ಸಿಟ್ಟು. ಅದು ನಮ್ಮ ಮೇಲೆ. ಹೌದು, ಬ್ಲಾಗಿಗರಾದ ನನ್ನ ಮೇಲೆ, ನಿಮ್ಮ ಮೇಲೆ.

ಕಂಪ್ಯೂಟರಿನಲ್ಲಿ ಕನ್ನಡ ಉಳೀಬೇಕು ಅಂತ ನಾವು ಮಾಡದ ಗಲಾಟೆ ಇಲ್ಲ. ಬರಹ ದೊಡ್ಡದೋ ನುಡಿ ದೊಡ್ಡದೋ ಅಂತ ರಾತ್ರಿಯಿಡೀ ಕಿತ್ತಾಡಿದ್ದೀವಿ. ಮಹಾಪ್ರಾಣ ಬೇಕೋ ಬೇಡವೋ ಅಂತ ಸ್ನೇಹ ಮುರಿದುಕೊಂಡಿದ್ದೀವಿ. ಕಂಪ್ಯೂಟರಿಗೆ 'ಗಣಕಯಂತ್ರ' ಅನ್ನಬೇಕೋ ಅಂತ ಪುಟಗಟ್ಟಲೆ ಬರೆದಿದ್ದೀವಿ. 'ಕಪ್ಪು ಪರದೆ ಬಂದ್ರೆ ಏನು ಮಾಡಬೇಕು' ಅಂತ ಒಂದು ಪುಟ ಕನ್ನಡದಲ್ಲಿ ಬರೆದವರೆಷ್ಟು? ನಾನಂತೂ ಬರೆದಿರಲಿಲ್ಲ. ಬಯೋಸ್ ನನ್ನ ಬದುಕಿನಲ್ಲಿ ಕನಿಷ್ಠ ನೂರು ಸಲ ತೆರೆದಿರಬಹುದು, ಒಂದು ಸಾಲು ಕನ್ನಡದಲ್ಲಿ ಬರೆದಿಟ್ಟಿರಲಿಲ್ಲ. 'ಇದೆಲ್ಲ ಇಂಗ್ಲಿಷಿನಲ್ಲಿ ಇದೆಯಲ್ಲ, ಗೂಗಲ್ ಮಾಡಿದ್ರೆ ಸಿಗುತ್ತೆ' ಅಂತ. ಯಾರಿಗೆ ಸಿಗುತ್ತೆ? ಮಾವನ ಮಗ ಬಿಎ ಓದಿದ ಹುಡುಗ. ಬಯೋಸಿನ ಒಳಗೆ ತನಕ ಬಂದಿದ್ದ. ಇನ್ನೊಂದು ಪುಟ ಇದೆ ಅಂತ ಕನ್ನಡದಲ್ಲಿ ಹೇಳೋರಿದ್ದಿದ್ರೆ ಅವನು ಚಾಮರಾಜನಗರಕ್ಕೆ ಕಂಪ್ಯೂಟರ್ ಹೊತ್ತುಕೊಂಡು ಹೋಗ್ತಿರಲಿಲ್ಲ.

'ಈಗ ಎಲ್ಲ ಮೊಬೈಲು, ಎಲ್ಲ ಕ್ಲೌಡು, ಹಾರ್ಡ್ ಡಿಸ್ಕಿನ ಪುರಾಣ ಯಾಕೆ' ಅಂತೀರಾ? ಕ್ಲೌಡಿನಲ್ಲಿ ಇರೋದು ನಾವು ಹಾಕಿದ್ದು ಮಾತ್ರ. ಆಸ್ಕಿ ಕಾಲದ ಕನ್ನಡ ಕ್ಲೌಡಿಗೆ ಹೋಗಿಲ್ಲ. ಡಿಟಿಪಿ ಅಂಗಡಿಗಳಲ್ಲಿ, ಮೇಷ್ಟ್ರುಗಳ ಮನೆಯಲ್ಲಿ, ತಾಲ್ಲೂಕಿನ ಚಿಕ್ಕ ಪತ್ರಿಕೆಗಳ ಮೂಲೆಯಲ್ಲಿ, ಶುರು ಆಗದ ಕಂಪ್ಯೂಟರುಗಳಲ್ಲಿ ಕೂತಿದೆ. ಇನ್ನು ಪುಕ್ಕಟೆ ಜಾಗದ ಭರವಸೆ ನಮಗೆ ಗೊತ್ತಿಲ್ಲದ್ದಾ? ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ ಮುಚ್ಚಿತು, ಕನ್ನಡದ ಎಷ್ಟೋ ಸಮುದಾಯಗಳ ಹರಟೆ ಜೊತೆಗೇ ಹೋಯ್ತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ನಾವು ಕೂತು ಬರೀತಿರೋ ಈ ಜಾಗವೂ ಪುಕ್ಕಟೆಯದ್ದೇ.

ಪಿ.ಕೆ. ರಾಜಶೇಖರ ಅವರು 1973ರಲ್ಲಿ ಮಲೆ ಮಾದೇಶ್ವರನ ಕಾವ್ಯವನ್ನ ಅಚ್ಚಿಗೆ ತಂದ್ರು. ಕಂಸಾಳೆಯವರ ಬಾಯಲ್ಲಿದ್ದದ್ದು ಕಾಗದಕ್ಕೆ ಬಂತು, ಇವತ್ತಿಗೂ ಯಾವುದೋ ಲೈಬ್ರರಿಯಲ್ಲಿ ಧೂಳು ಕೊಡವಿ ಓದಬಹುದು. ಕಾಗದಕ್ಕೆ ಬೂಟ್ ಆರ್ಡರ್ ಇಲ್ಲ ನೋಡಿ! ಕಾಗದದ ನಂತರದ ತಲೆಮಾರು ಸಂಗ್ರಹಿಸಿದ್ದು ಡಿಸ್ಕಿನ ಮೇಲಿದೆ. ಅದನ್ನ ಓದೋಕೆ ಲೈಬ್ರೇರಿಯನ್ ಸಾಲಲ್ಲ, ಬಯೋಸ್ ತೆಗೆದು ನೋಡೋರು ಬೇಕು.

---

ಹಾಗಾಗಿ ನನ್ನದೊಂದು ಕೋರಿಕೆ, ಜಗಳ ಅಂತಾದ್ರೂ ತಿಳ್ಕೊಳ್ಳಿ.

ನಿಮ್ಮ ಅಟ್ಟದ ಮೇಲಿರೋ ಹಳೇ ಡಿಸ್ಕು ಕೆಳಗಿಳಿಸಿ. ಬೂಟ್ ಆಗಲಿಲ್ಲ ಅಂದ್ರೆ ಸತ್ತಿದೆ ಅಂತ ತೀರ್ಮಾನಿಸಬೇಡಿ. ಬಿಚ್ಚಿ ಒಂದು ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ, ಇನ್ನೊಂದು ಕಂಪ್ಯೂಟರಿನಲ್ಲಿ ಓದಿ ನೋಡಿ. ಅದು 'ಫಾರ್ಮ್ಯಾಟ್ ಮಾಡಬೇಕಾ?' ಅಂತ ಕೇಳಿದ್ರೆ 'ಬೇಡ' ಅನ್ನಿ. ಆ ಪ್ರಶ್ನೆಗೆ ಅಭ್ಯಾಸಬಲದಿಂದ 'ಹೂಂ' ಅಂದು ಕಳಕೊಂಡವರು ಬಹಳ ಜನ.

ಹೊಸ ಕಂಪ್ಯೂಟರ್ ಇದ್ದವರಿಗೆ ಎಚ್ಚರಿಕೆ ಬೇರೆ ಥರ. ಈಗಿನವು ಯುಇಎಫ್‌ಐ. ಅದರ ಪಟ್ಟಿಯಲ್ಲಿ ಡಿಸ್ಕಿನ ಬದಲು 'ವಿಂಡೋಸ್ ಬೂಟ್ ಮ್ಯಾನೇಜರ್' ಥರದ ಹೆಸರುಗಳು ಇರುತ್ತವೆ. ಹಳೇ ಪದ್ಧತಿಯ ಡಿಸ್ಕನ್ನ ತಂದು ಸಿಕ್ಕಿಸಿದ್ರೆ ಪಟ್ಟಿಯಲ್ಲಿ ಕಾಣದೇ ಹೋಗಬಹುದು, ಅದು ಡಿಸ್ಕಿನ ತಪ್ಪಲ್ಲ. ಬಿಟ್‌ಲಾಕರ್ ಇದ್ದರೆ ಬೂಟ್ ವ್ಯವಸ್ಥೆ ಮುಟ್ಟಿದ ಕೂಡಲೇ ರಿಕವರಿ ಕೀ ಕೇಳಬಹುದು. ಆ 48 ಅಂಕಿಗಳನ್ನ ಮೊದಲು ಕಾಗದದಲ್ಲಿ ಬರೆದಿಟ್ಟುಕೊಂಡು ಆಮೇಲೆ ಕೈ ಹಾಕಿ. ಮತ್ತೆ, ಸೆಲ್ಲು ಸತ್ತ ಹಳೇ ಕಂಪ್ಯೂಟರಿನಲ್ಲಿ ಪಟ್ಟಿ ಸರಿ ಮಾಡಿದ ಮೇಲೂ ವಿಂಡೋಸ್ ನೀಲಿ ಪರದೆ ತೋರಿಸಿದ್ರೆ ಸಾಟಾದ ಕ್ರಮ ನೋಡಿ. ಎಎಚ್‌ಸಿಐ ಇದ್ದದ್ದು ಐಡಿಇ ಆಗಿರುತ್ತೆ, ಇಲ್ಲಾ ಉಲ್ಟಾ. ಅದಕ್ಕೂ ಫಾರ್ಮ್ಯಾಟ್ ಮದ್ದಲ್ಲ!

ಕೊನೇದು: ನಿಮಗೆ ಗೊತ್ತಿರೋ ಇಂಥ ಒಂದು ಸಂಗತಿಯನ್ನ ಕನ್ನಡದಲ್ಲಿ ಬರೆದು ಹಾಕಿ. ಒಂದೇ ಒಂದು. ಪಾರಿಭಾಷಿಕ ಪದಕ್ಕೆ ತಲೆ ಕೆಡಿಸ್ಕೊಳ್ಳಬೇಡಿ, ಬೂಟಿಗೆ ಬೂಟ್ ಅಂತಲೇ ಬರೀರಿ. ತಪ್ಪಿದ್ರೆ ಇನ್ನೊಬ್ಬರು ತಿದ್ದುತ್ತಾರೆ, ಬ್ಲಾಗಿರೋದೇ ಅದಕ್ಕೆ. ಏನಂತೀರಿ?

ಕೊಸರು: ಹೊರಡೋ ಹಿಂದಿನ ರಾತ್ರಿ ಆ 80 ಜಿಬಿ ಡಿಸ್ಕಿನ ಮೇಲೆ ಫೋಟೊರೆಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿ ಮಲಗಿದೆ. 2013ರಲ್ಲಿ ಫಾರ್ಮ್ಯಾಟ್ ಆದ ಮೇಲೆ ಅದರ ಮೇಲೆ ಎಕ್ಸ್‌ಪಿ ಕೂತಿತ್ತು, ಆಮೇಲೆ ಹುಡುಗನ ಸಿನಿಮಾಗಳು ಕೂತಿದ್ವು, ಹಾಗಾಗಿ ಆಸೆ ಇರಲಿಲ್ಲ. ಬೆಳಗ್ಗೆ ನೋಡಿದ್ರೆ ಹೆಸರು ಕಳಕೊಂಡ ಇಪ್ಪತ್ತಮೂರು ಫೈಲು ಸಿಕ್ಕಿತ್ತು. ನುಡಿ ಫಾಂಟಿನಲ್ಲಿ ತೆರೆದೆ. ಹದಿನಾಲ್ಕು ಅರ್ಧಂಬರ್ಧ. ಒಂಬತ್ತು ಹಾಡು ಪೂರ್ತಿ ಇತ್ತು. ಮಾವ ಕನ್ನಡಕ ಹಾಕ್ಕೊಂಡು ಒಂದನ್ನ ಓದಿದ್ರು, ಹಾಡಿದ ಅಜ್ಜಿಯ ಹೆಸರು ಹೇಳಿದ್ರು, ಆಕೆಯ ಊರು ಹೇಳಿದ್ರು. ನೂರಾ ನಲವತ್ತರಲ್ಲಿ ಒಂಬತ್ತು. ಉಳಿದ ನೂರಾ ಮೂವತ್ತೊಂದಕ್ಕೆ ನಾವು ಕೊಟ್ಟ ಬೆಲೆ ಮುನ್ನೂರು ರೂಪಾಯಿ.

ಈಗ ಅವರ ಸಿಪಿಯು ಡಬ್ಬದ ಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೇಷ್ಟ್ರ ದುಂಡಕ್ಷರದಲ್ಲಿ ಒಂದು ಚೀಟಿ ಅಂಟಿದೆ: 'ಶುರು ಆಗದಿದ್ದರೆ ಎಫ್12 ಒತ್ತುವುದು. ಮೊದಲನೆಯದನ್ನು ಆರಿಸುವುದು. ಯಾರಿಗೂ ಫಾರ್ಮ್ಯಾಟ್ ಮಾಡಲು ಕೊಡಕೂಡದು.'